ಪದ್ಯ ನೆನಪಿರಲಿ, ಅರ್ಥ ಅಲ್ಲೇ ಹುಟ್ಟಲಿ: ವಿದ್ಯಾರ್ಥಿಗಳು ವೇದಿಕೆಯ ಮಾತು ಕಲಿಯುವುದು ಹೇಗೆ?

ಮಳೆಗಾಲದಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ನಿಂತ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ದೇವಸ್ಥಾನದ ಪೌಳಿಯಲ್ಲೋ ಯಾರದಾದರೂ ಮನೆಯ ಜಗಲಿಯಲ್ಲೋ ತಾಳಮದ್ದಳೆ ಕೂಟ ನಡೆಯುತ್ತದೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಒಂದು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದನ್ನು ಹಿಡಿದು ಮಾತು ಬೆಳೆಸುತ್ತಾರೆ. ಪದ್ಯ ಮೊದಲೇ ಗೊತ್ತು. ಮಾತು ಮಾತ್ರ ಅಲ್ಲೇ, ಆ ಹೊತ್ತಿಗೇ ಹುಟ್ಟಬೇಕು. ಎದುರು ಕೂತವರು ಏನು ಕೇಳುತ್ತಾರೋ ಹೇಳಲು ಬರುವುದಿಲ್ಲ.

ಡಿಗ್ರಿ ಮಕ್ಕಳಿಗೆ ಸೆಮಿನಾರು, ಭಾಷಣ, ಇಂಟರ್‌ವ್ಯೂ ಮಾತು ಕಲಿಸುವಾಗ ನಾನು ಶುರು ಮಾಡುವುದು ಇಲ್ಲಿಂದಲೇ. ನಮ್ಮ ಹಳ್ಳಿ ಮಕ್ಕಳಿಗೆ ಮಾತು ಬರುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಬಸ್ಸಿನಲ್ಲಿ, ಹಾಸ್ಟೆಲ್ಲಿನಲ್ಲಿ, ಮನೆಯಲ್ಲಿ ಅವರು ಚೆನ್ನಾಗಿಯೇ ಮಾತಾಡುತ್ತಾರೆ. ಮೈಕಿನ ಮುಂದೆ ಬಾಯಿ ಕಟ್ಟುವುದಕ್ಕೆ ಬಹಳ ಸಲ ಕಾರಣ ಒಂದೇ: ಭಾಷಣವನ್ನು ಅಕ್ಷರ ಅಕ್ಷರ ಬಾಯಿಪಾಠ ಮಾಡಿರುತ್ತಾರೆ.

ನನಗೂ ಹೀಗೇ ಆಗಿದೆ. ಪಿಯುಸಿಯಲ್ಲಿದ್ದಾಗ ಒಂದು ಅಂತರಕಾಲೇಜು ಭಾಷಣ ಸ್ಪರ್ಧೆಗೆ ನಾಲ್ಕು ಪುಟ ಉರು ಹೊಡೆದು ಹೋಗಿದ್ದೆ. ಎರಡು ಪುಟ ಸರಾಗವಾಗಿ ಬಂತು. ಮೂರನೆಯದರ ಮೊದಲ ಪದ ಮಾತ್ರ ನೆನಪಾಗಲೇ ಇಲ್ಲ. ಸಭೆಯೆಲ್ಲ ಸುಮ್ಮನೆ ಕೂತಿತ್ತು, ಹೊರಗೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತಿತ್ತು. ನಮಸ್ಕಾರ ಮಾಡಿ ಇಳಿದುಬಿಟ್ಟೆ. ವಿಷಯ ಗೊತ್ತಿತ್ತು, ಮುಂದಿನ ಪದ ಗೊತ್ತಿರಲಿಲ್ಲ, ಅಷ್ಟೇ. ಆ ದಿನ ಯಾರಾದರೂ ನನಗೆ ಈ ಪದ್ಯ–ಅರ್ಥದ ಲೆಕ್ಕ ಹೇಳಿಕೊಟ್ಟಿದ್ದರೆ ಎಂದು ಈಗಲೂ ಅನಿಸುತ್ತದೆ.

ಮೊದಲು: ಕೈಯಾರೆ ಮಾಡಿದ್ದನ್ನೇ ಹೇಳಿ

ಅಭ್ಯಾಸಕ್ಕೆ ‘ರಾಷ್ಟ್ರ ನಿರ್ಮಾಣದಲ್ಲಿ ಯುವಕರ ಪಾತ್ರ’ದಂಥ ವಿಷಯ ಬೇಡ. ನೀವು ಮಾಡಿದ, ಕಂಡ ಒಂದು ಕೆಲಸವನ್ನು ಮೂರು ನಿಮಿಷದಲ್ಲಿ ವಿವರಿಸಿ. ಹೊಸನಗರ ಕಡೆಯ ಒಬ್ಬ ವಿದ್ಯಾರ್ಥಿನಿ ತರಗತಿಯಲ್ಲಿ ಎದ್ದು ನಿಲ್ಲುವುದಕ್ಕೇ ಹೆದರುತ್ತಿದ್ದಳು. ‘ನಿಮ್ಮ ತೋಟಕ್ಕೆ ಔಷಧಿ ಹೊಡೆಯುವುದು ಹೇಗೆ, ಹೇಳಮ್ಮ’ ಎಂದೆ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ವಿಚಾರ ಶುರು ಮಾಡಿದಳು. ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ಮೈಲುತುತ್ತಕ್ಕಲ್ಲ. ‘ಆಮೇಲೆ ಅಪ್ಪ ಉಜ್ಜಿದ ಕತ್ತಿ ಅದ್ದಿ ನೋಡ್ತಾರೆ ಸಾರ್. ಕತ್ತಿ ಮೇಲೆ ಕೆಂಪಗೆ ತಾಮ್ರ ಹಿಡಿದ್ರೆ ಸುಣ್ಣ ಸಾಲ್ದು ಅಂತ’ ಎಂದು ಬೆರಳನ್ನೇ ಕತ್ತಿ ಮಾಡಿಕೊಂಡು ಅದ್ದಿ ತೋರಿಸಿದಳು. ಹಿಂದಿನ ಬೆಂಚಿನವರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ನಾಲ್ಕು ನಿಮಿಷ ಆಗಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಆ ಮಾತಿನಲ್ಲಿ ಒಳ್ಳೆಯ ಸೆಮಿನಾರಿಗೆ ಬೇಕಾದದ್ದೆಲ್ಲ ಇತ್ತು: ಅಳತೆ, ಕ್ರಮ, ತಪ್ಪಿದರೆ ಏನಾಗುತ್ತದೆ ಎಂಬ ಎಚ್ಚರ, ಕಣ್ಣಿಗೆ ಕಟ್ಟುವ ಒಂದು ವಸ್ತು. ನಿಮ್ಮಲ್ಲಿ ತೋಟ ಇಲ್ಲದಿದ್ದರೆ ಅಂಗಡಿ ಇರಬಹುದು, ಗ್ಯಾರೇಜು ಇರಬಹುದು, ಅಮ್ಮನ ಹೊಲಿಗೆ ಯಂತ್ರ ಇರಬಹುದು. ವಾರಕ್ಕೆ ಎರಡು ವಿಷಯ ಸಾಕು.

ಆಮೇಲೆ: ಐದು ಪದ್ಯ ಬರೆದುಕೊಳ್ಳಿ

ಪೂರ್ತಿ ಭಾಷಣ ಬರೆಯಬೇಡಿ. ಅಂಗೈಯಗಲದ ಚೀಟಿಯಲ್ಲಿ ಐದು ಸಾಲು, ಒಂದೊಂದು ಸಾಲಿಗೆ ಹೆಚ್ಚೆಂದರೆ ಮೂರು ನಾಲ್ಕು ಪದ. ಇವೇ ನಿಮ್ಮ ಪದ್ಯ. ಮೇಲಿನ ವಿಷಯಕ್ಕಾದರೆ: ‘ಕೊಳೆ ಏಕೆ ಬರುತ್ತದೆ’, ‘ಅಳತೆ’, ‘ಬೆರೆಸುವ ಕ್ರಮ’, ‘ಕತ್ತಿ ಪರೀಕ್ಷೆ’, ‘ಎರಡನೇ ಸಲ ಯಾವಾಗ’. ಒಂದೊಂದು ಸಾಲನ್ನೂ ಪ್ರತಿ ಸಲ ಹೊಸ ಮಾತಿನಲ್ಲೇ ವಿವರಿಸಿ. ನಿನ್ನೆ ಹೇಳಿದ ವಾಕ್ಯ ಇವತ್ತು ಬರಲಿಲ್ಲ ಎಂದು ಹುಡುಕುತ್ತ ನಿಲ್ಲಬೇಡಿ. ಐದು ದಿನ ಐದು ಥರ ಹೇಳಿದವರಿಗೆ ಆರನೇ ದಿನ ಮಾತು ತಪ್ಪುವ ಭಯ ಬಹಳ ಕಡಿಮೆ, ಏಕೆಂದರೆ ಹಿಡಿದು ಹೋಗಲು ದಾರಿ ಒಂದೇ ಅಲ್ಲ.

ಬಾಯಿಪಾಠ ಮಾಡಬೇಕಾದ್ದು ಎರಡೇ: ಮೊದಲ ವಾಕ್ಯ, ಕೊನೆಯ ವಾಕ್ಯ. ಎದೆ ಹೆಚ್ಚು ಬಡಿದುಕೊಳ್ಳುವುದು ಮೊದಲ ವಾಕ್ಯದಲ್ಲಿ. ನಿಲ್ಲಿಸಲು ಗೊತ್ತಾಗದೆ ಎಳೆಯುವುದು ಕೊನೆಯದರಲ್ಲಿ.

ಮೊದಲ ವಾಕ್ಯ ಎಂದರೆ ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಶುರುವಾಗುವ ಉದ್ದ ಪಟ್ಟಿಯಲ್ಲ. ‘ಎಲ್ಲರಿಗೂ ನಮಸ್ಕಾರ’ ಎಂದ ಕೂಡಲೇ ವಿಷಯಕ್ಕೆ ಇಳಿಯಿರಿ, ಅದೂ ಕೈಗೆ ಸಿಗುವ ವಸ್ತುವಿನಿಂದ. ಗೇಣಿದಾರ ರೈತರು ನಡೆಸಿದ 1951ರ ಕಾಗೋಡು ಸತ್ಯಾಗ್ರಹ ನಮ್ಮ ಸಾಗರ ತಾಲ್ಲೂಕಿನದೇ. ಅದರ ಬಗ್ಗೆ ಸೆಮಿನಾರು ಕೊಡುವವರು ‘ಭೂಸುಧಾರಣೆಯ ಇತಿಹಾಸದಲ್ಲಿ...’ ಎಂದು ಆರಂಭಿಸಿದರೆ ಅರ್ಧ ತರಗತಿ ಕೈಬಿಟ್ಟಂತೆ. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎಂಬ ಜಗಳದಿಂದ ಶುರು ಮಾಡಿ. ಆ ಕೊಳಗ ಕಣ್ಣಮುಂದೆ ಬಂದ ಮೇಲೆ ಕಾನೂನು, ಚಳವಳಿ, 1952ರಲ್ಲಿ ವಿಧಾನಸಭೆಗೆ ಹೋದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು, ಎಲ್ಲವೂ ತಾನಾಗಿ ಹಿಂದೆ ಬರುತ್ತವೆ.

ದನಿ, ಉಸಿರು, ಕೈ

ನಡುಕ ಹೆದರುಪುಕ್ಕಲರಿಗೆ ಮಾತ್ರ ಬರುವಂಥದ್ದಲ್ಲ. ಮೈಯಲ್ಲಿ ಅಡ್ರಿನಲಿನ್ ಏರಿದಾಗ ಎದೆ ಬಡಿತ ಹೆಚ್ಚುತ್ತದೆ, ಬಾಯಿ ಒಣಗುತ್ತದೆ, ಕೈ ತಣ್ಣಗಾಗುತ್ತದೆ. ಅನುಭವಸ್ಥರಿಗೂ ಆಗುತ್ತದೆ, ಅವರು ಅದರ ಜತೆಗೇ ಮಾತಾಡುತ್ತಾರೆ. ನಿಮ್ಮ ಸರದಿ ಬರುವ ಮೊದಲು ಕೂತಲ್ಲೇ ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರು ತೆಗೆದುಕೊಂಡು, ಆರು ಎಣಿಸುವವರೆಗೆ ನಿಧಾನವಾಗಿ ಬಿಡಿ. ಹೊರಗೆ ಬಿಡುವ ಉಸಿರು ಉದ್ದವಾದರೆ ಎದೆ ಬಡಿತ ಇಳಿಯುತ್ತದೆ. ಐದಾರು ಸಲ ಮಾಡಿದರೆ ಸಾಕು. ಎರಡು ಗುಟುಕು ನೀರು ಕುಡಿಯಿರಿ.

ಮೊಬೈಲಿನಲ್ಲಿ ನಿಮ್ಮ ಮಾತು ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಬೇಸರವಾಗುತ್ತದೆ, ಆದರೂ ಕೇಳಿ. ‘ಅಂದರೆ’, ‘ಆಮೇಲೆ’, ‘ಏನಪ್ಪಾ ಅಂದ್ರೆ’ ಎಷ್ಟು ಸಲ ಬಂತು ಎಂದು ಗೀಟು ಹಾಕಿಕೊಂಡು ಎಣಿಸಿ. ಆ ಜಾಗದಲ್ಲಿ ಮುಂದಿನ ಸಲ ಸುಮ್ಮನೆ ನಿಲ್ಲಿ. ನಿಮಗೆ ಯುಗದಂತೆ ಕಾಣುವ ಆ ಮೌನ ಕೇಳುವವರಿಗೆ ಒಂದು ಅಲ್ಪವಿರಾಮ. ವೇಗ ಹೇಗಿರಬೇಕು ಎಂದು ತಿಳಿಯಲು ಆಕಾಶವಾಣಿಯ ಕನ್ನಡ ವಾರ್ತೆ ಒಳ್ಳೆಯ ಗುರು. ಅದೇ ದಿನದ ಪತ್ರಿಕೆಯ ಒಂದು ಸುದ್ದಿಯನ್ನು ಅದೇ ವೇಗದಲ್ಲಿ ಗಟ್ಟಿಯಾಗಿ ಓದಿ. ದನಿ ಕೊನೆಯ ಸಾಲಿಗೆ ತಲುಪುವುದು ಹೇಗೆ ಎಂದು ನೋಡಬೇಕಾದರೆ ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಗೋ ಶಿವಮೊಗ್ಗದ ಕುವೆಂಪು ರಂಗಮಂದಿರಕ್ಕೋ ಹೋಗಿ ಒಂದು ನಾಟಕ ನೋಡಿ. ನಟರು ಕಿರುಚುವುದಿಲ್ಲ. ವಾಕ್ಯದ ಕೊನೆಯ ಪದವನ್ನು ನುಂಗುವುದಿಲ್ಲ, ಗುಟ್ಟು ಅಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಬರುವುದೇ ಕೊನೆಗೆ. ಅದನ್ನು ನುಂಗಿದರೆ ‘ಮಾಡಬೇಕು’ ಎಂದಿರೋ ‘ಮಾಡಬಾರದು’ ಎಂದಿರೋ ತಿಳಿಯುವುದಿಲ್ಲ.

ಕೈಯ ಬಗ್ಗೆ ಹೆಚ್ಚು ಯೋಚಿಸಬೇಡಿ. ಬದಿಗೆ ಸಡಿಲ ಬಿಡಿ.

ಪ್ರಶ್ನೆ ಬಂದಾಗ

ನಿಜವಾದ ಪರೀಕ್ಷೆ ಇದೇ. ತಾಳಮದ್ದಳೆಯಲ್ಲಿ ‘ವಾಲಿವಧೆ’ ಕೇಳಿದ್ದೀರಾ? ಬಾಣ ನೆಟ್ಟು ಬಿದ್ದ ವಾಲಿ, ಮರೆಯಲ್ಲಿ ನಿಂತು ಏಕೆ ಹೊಡೆದೆ ಎಂದು ರಾಮನನ್ನು ಕೇಳುತ್ತಾನೆ. ರಾಮನ ಅರ್ಥ ಹೇಳುವವರಿಗೆ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ. ಒಳ್ಳೆಯ ಅರ್ಥಧಾರಿ ಸಿಟ್ಟಾಗುವುದಿಲ್ಲ, ಪ್ರಶ್ನೆಯನ್ನು ತಪ್ಪಿಸಿಕೊಂಡು ಹೋಗುವುದೂ ಇಲ್ಲ. ವಾಲಿಯ ಮಾತನ್ನು ತನ್ನ ಬಾಯಲ್ಲಿ ಒಮ್ಮೆ ನ್ಯಾಯವಾಗಿ ಹೇಳಿ, ಅದರಲ್ಲಿ ಒಪ್ಪುವುದನ್ನು ಒಪ್ಪಿ, ಆಮೇಲೆ ಉತ್ತರಕ್ಕೆ ಇಳಿಯುತ್ತಾರೆ.

ಗ್ರೂಪ್ ಡಿಸ್ಕಷನ್ನಿನಲ್ಲೂ ಇದನ್ನೇ ಮಾಡಿ. ‘ಅವರು ಹೇಳಿದ್ದು ಖರ್ಚಿನ ವಿಚಾರ, ಅದು ಸರಿ. ನನ್ನ ಅನುಮಾನ ಸಮಯದ ಬಗ್ಗೆ’ ಎಂದರೆ ಎಲ್ಲರೂ ನಿಮ್ಮ ಕಡೆ ತಿರುಗುತ್ತಾರೆ. ಜೋರು ದನಿ ಬೇಕಾಗಿಲ್ಲ. ಉತ್ತರ ಗೊತ್ತಿಲ್ಲದಿದ್ದರೆ ‘ಇದು ನನಗೆ ಗೊತ್ತಿಲ್ಲ ಸಾರ್, ನೋಡಿ ತಿಳಿಸುತ್ತೇನೆ’ ಎನ್ನಿ. ಸುತ್ತಿ ಬಳಸಿ ಹೇಳುವ ಸುಳ್ಳು ಎದುರಿನವರಿಗೆ ತಕ್ಷಣ ಗೊತ್ತಾಗುತ್ತದೆ.

ಇಬ್ಬರು ಗೆಳೆಯರನ್ನು ಸೇರಿಸಿಕೊಳ್ಳಿ. ಒಬ್ಬರು ಹೇಳಲಿ, ಒಬ್ಬರು ವಾಲಿಯಾಗಿ ಪ್ರಶ್ನೆ ಕೇಳಲಿ, ಮೂರನೆಯವರು ಗಡಿಯಾರ ನೋಡಿ ಬರೆದುಕೊಳ್ಳಲಿ. ಆಮೇಲೆ ಸರದಿ ಬದಲಿಸಿ. ಬರೆದುಕೊಂಡವರು ಮೊದಲು ಚೆನ್ನಾಗಿದ್ದ ಒಂದನ್ನು, ಆಮೇಲೆ ತಿದ್ದಬೇಕಾದ ಒಂದನ್ನು ಮಾತ್ರ ಹೇಳಬೇಕು. ಹತ್ತು ತಪ್ಪು ಒಟ್ಟಿಗೆ ಹೇಳಿದರೆ ಯಾವುದೂ ತಿದ್ದುವುದಿಲ್ಲ.

ಇಂಗ್ಲಿಷ್ ಎಂಬ ಅಂಜಿಕೆ

ಕನ್ನಡ ಮಾಧ್ಯಮದಿಂದ ಬಂದವರಿಗೆ ಬೆಂಗಳೂರಿನ ಇಂಟರ್‌ವ್ಯೂ ಎಂದರೆ ಭಯ ಇದರದ್ದೇ. ವಿಷಯದ ಐದು ಪದ್ಯ ಕನ್ನಡದಲ್ಲೇ ಕಟ್ಟಿ. ಹೇಳುವಾಗ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡಿ, ಒಂದು ವಾಕ್ಯಕ್ಕೆ ಒಂದೇ ಸಂಗತಿ. ‘ಮೈಸೆಲ್ಫ್’ ಎಂದು ಹೆಸರು ಹೇಳುವ ರೂಢಿ ಬಿಟ್ಟು ‘ಐ ಆ್ಯಮ್’ ಎನ್ನಿ. ‘ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್’ ಬೇಡ, ‘ಐ ಹ್ಯಾವ್’ ಸಾಕು. ಉಚ್ಚಾರದಲ್ಲಿ ನಮ್ಮ ಊರಿನ ವಾಸನೆ ಇದ್ದರೆ ನಾಚಬೇಕಾಗಿಲ್ಲ, ಸ್ಪಷ್ಟವಾಗಿದ್ದರಾಯಿತು.

ನಿಮ್ಮ ಬಗ್ಗೆ ಹೇಳಿ ಎಂದಾಗ ಅಪ್ಪನ ಉದ್ಯೋಗ, ಮನೆಯವರ ಸಂಖ್ಯೆ, ಹವ್ಯಾಸಗಳ ಪಟ್ಟಿ ಒಪ್ಪಿಸಬೇಡಿ. ಏನು ಓದುತ್ತಿದ್ದೀರಿ, ಯಾವ ಕೆಲಸವನ್ನು ಸ್ವತಃ ಮಾಡಿ ಮುಗಿಸಿದ್ದೀರಿ, ಈ ಉದ್ಯೋಗಕ್ಕೆ ಅದು ಹೇಗೆ ಉಪಯೋಗ. ಒಂದೂವರೆ ನಿಮಿಷ ಸಾಕು. ಸೊಸೈಟಿಯಲ್ಲಿ ಮನೆಯ ಅಡಿಕೆ ಲೆಕ್ಕ ನೋಡಿಕೊಂಡ ಬಿ.ಕಾಂ. ಹುಡುಗ ಅದನ್ನು ಹೇಳಲು ಸಂಕೋಚಪಡುತ್ತಾನೆ. ನನ್ನ ಮಟ್ಟಿಗೆ ಅವನ ಅರ್ಜಿಯಲ್ಲಿ ಇರುವ ಅತ್ಯುತ್ತಮ ಸಾಲು ಅದೇ.

ಇ–ಮೇಲ್, ಫೋನು

ಇ–ಮೇಲ್‌ನಲ್ಲಿ ವಿಷಯದ ಸಾಲು ಖಾಲಿ ಬಿಡಬೇಡಿ: ಯಾವ ಹುದ್ದೆ, ನಿಮ್ಮ ಹೆಸರು. ಒಳಗೆ ಐದಾರು ಸಾಲು, ಕೇಳುವುದು ಒಂದೇ ಸಂಗತಿ, ಕೆಳಗೆ ಪೂರ್ಣ ಹೆಸರು ಮತ್ತು ಫೋನ್ ನಂಬರು. ಲಗತ್ತಿಸಿದ ಕಡತ ನಿಜವಾಗಿ ಸೇರಿದೆಯೇ ನೋಡಿ ಕಳಿಸಿ. ಫೋನಿನಲ್ಲಿ ‘ಹಲೋ, ಯಾರು?’ ಎಂದು ಶುರು ಮಾಡಬೇಡಿ. ‘ನಮಸ್ಕಾರ ಮೇಡಂ, ನಾನು ಸಾಗರದಿಂದ ಮಾತಾಡುತ್ತಿದ್ದೇನೆ, ಅಂತಿಮ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿ. ಎರಡು ನಿಮಿಷ ಮಾತಾಡಬಹುದಾ?’ ಎಂದು ಕೇಳಿ, ಅವರು ಹೂಂ ಎಂದ ಮೇಲೆ ವಿಷಯ ಹೇಳಿ.

ಆನ್‌ಲೈನ್ ಇಂಟರ್‌ವ್ಯೂ ಇದ್ದರೆ ಮನೆ ಹಿಂದಿನ ಗುಡ್ಡದ ನೆಟ್‌ವರ್ಕ್ ನಂಬಿ ಕೂರಬೇಡಿ. ಮಳೆಗಾಲದಲ್ಲಂತೂ ಮರ ಬಿದ್ದು ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಹಿಂದಿನ ದಿನವೇ ಪೇಟೆಯಲ್ಲಿರುವ ನೆಂಟರ ಮನೆಗೆ ಬನ್ನಿ. ಅದೇ ಕುರ್ಚಿ, ಅದೇ ಬೆಳಕು, ಅದೇ ಹೊತ್ತಿಗೆ ಗೆಳೆಯನಿಗೆ ಒಂದು ವಿಡಿಯೊ ಕಾಲ್ ಮಾಡಿ ದನಿ ಸರಿಯಾಗಿ ಕೇಳುತ್ತದೆಯೇ ನೋಡಿ. ಫೋನನ್ನು ಪೂರ್ತಿ ಚಾರ್ಜ್ ಮಾಡಿ. ಐದು ಪದ್ಯದ ಚೀಟಿಯನ್ನು ಕ್ಯಾಮೆರಾದ ಪಕ್ಕದಲ್ಲೇ, ಕಣ್ಣಿನ ಎತ್ತರಕ್ಕೆ ಗೋಡೆಗೆ ಅಂಟಿಸಿ.