ವಂಶವೃಕ್ಷವನ್ನು ಹಳೇ ಸಾಫ್ಟ್‌ವೇರ್‌ನಿಂದ ಬಿಡಿಸಿಕೊಂಡ ನನ್ನ ಅನುಭವ

ನಮ್ಮ ಮನೆತನದ ವಂಶವೃಕ್ಷವನ್ನು ವರ್ಷಗಟ್ಟಲೆ ಒಂದೇ ಸಾಫ್ಟ್‌ವೇರ್‌ನಲ್ಲಿ ಬೆಳೆಸಿದ್ದೆ. ಅದಕ್ಕೆ ಹೊಸ ಆವೃತ್ತಿ ಬರುವುದು ನಿಂತುಹೋಯಿತು. ಅದು ಓಡುತ್ತಿರುವಾಗಲೇ ಎಲ್ಲವನ್ನೂ ಹೊರಗೆ ತೆಗೆಯಬೇಕು ಅಂತ ನಿರ್ಧರಿಸಿದೆ. ಹೋಗಿದ್ದು ಗ್ರಾಂಪ್ಸ್ ಅನ್ನುವ ವಂಶಾವಳಿ ಸಾಫ್ಟ್‌ವೇರ್‌ಗೆ. ಅದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಹೀಗೆ ಸಾಗಿಸಲು ಎಲ್ಲರೂ ಬಳಸುವುದು ಗೆಡ್‌ಕಾಮ್ ಫೈಲು. ಅಮೆರಿಕದ ಮಾರ್ಮನ್ ಚರ್ಚಿನವರು 1984ರಲ್ಲಿ ತಂದ ಪದ್ಧತಿ ಇದು. ಇಂದಿಗೂ ವಂಶಾವಳಿಯ ಸಾಫ್ಟ್‌ವೇರ್‌ಗಳೆಲ್ಲ ಹೆಚ್ಚುಕಡಿಮೆ ಇದನ್ನೇ ಓದುತ್ತವೆ, ಬರೆಯುತ್ತವೆ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಒಂದೇ: ಇದು ಬರೀ ಅಕ್ಷರಗಳ ಫೈಲು. ನೋಟ್‌ಪ್ಯಾಡ್‌ನಲ್ಲೇ ತೆರೆದು ಓದಬಹುದು.

ಪ್ರತಿ ಸಾಲಿನ ಮೊದಲಿಗೆ ಒಂದು ಅಂಕಿ ಇರುತ್ತದೆ. 0 ಬಂದರೆ ಹೊಸ ವ್ಯಕ್ತಿಯೋ ಹೊಸ ಕುಟುಂಬವೋ ಶುರುವಾಯಿತು. 1 ಅಂದರೆ ಅವರ ಹೆಸರು, ಹುಟ್ಟು, ಸಾವು. ಆ ಹುಟ್ಟಿನ ತಾರೀಖು, ಊರು 2ರ ಸಾಲುಗಳಲ್ಲಿ. ಮಗುವಿನ ವಿವರದಲ್ಲಿ ಅಪ್ಪ ಅಮ್ಮನ ಹೆಸರೇ ಇರುವುದಿಲ್ಲ, ಕುಟುಂಬದ ಸಂಖ್ಯೆ ಮಾತ್ರ ಇರುತ್ತದೆ. ಅಪ್ಪ, ಅಮ್ಮ, ಮಕ್ಕಳು ಯಾರು ಅನ್ನುವುದು ಆ ಕುಟುಂಬದ ದಾಖಲೆಯಲ್ಲಿ.

ಎಕ್ಸ್‌ಪೋರ್ಟ್ ಮಾಡುವಾಗ ಯಾವ ಎನ್‌ಕೋಡಿಂಗ್ (ಅಂದರೆ ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ರೀತಿ) ಅಂತ ಕೇಳಿದರೆ ಯುಟಿಎಫ್-8 ಅನ್ನೇ ಆರಿಸಿ. ಹಳೇ ಗೆಡ್‌ಕಾಮ್‌ನ ಆನ್ಸೆಲ್ ಅನ್ನುವ ಎನ್‌ಕೋಡಿಂಗ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ನಾನು ಯುಟಿಎಫ್-8ನಲ್ಲೇ ತೆಗೆದೆ, ಹೆಸರುಗಳೆಲ್ಲ ಸರಿಯಾಗಿ ಬಂದವು. ಆದರೆ ಉದ್ದನೆಯ ಟಿಪ್ಪಣಿಗಳಲ್ಲಿ ಅಲ್ಲಲ್ಲಿ ಅಕ್ಷರ ಹೋಗಿ ಪ್ರಶ್ನೆ ಚಿಹ್ನೆ ಕೂತಿತ್ತು. ಫೈಲು ತೆರೆದು ನೋಡಿದಾಗ ಕಾರಣ ಸಿಕ್ಕಿತು. ಹಳೇ ಗೆಡ್‌ಕಾಮ್‌ನಲ್ಲಿ ಒಂದು ಸಾಲು 255 ಅಕ್ಷರ ದಾಟುವಂತಿಲ್ಲ, ಹಾಗಾಗಿ ಉದ್ದದ ಬರಹವನ್ನು ತುಂಡು ಮಾಡುತ್ತಾರೆ. ನನ್ನ ಹಳೇ ಸಾಫ್ಟ್‌ವೇರ್ ಅಕ್ಷರ ಎಣಿಸುವ ಬದಲು ಬೈಟು, ಅಂದರೆ ಕಂಪ್ಯೂಟರ್ ಅಕ್ಷರ ಉಳಿಸಿಡುವ ಚಿಕ್ಕ ತುಣುಕು, ಎಣಿಸುತ್ತಿತ್ತು. ಕನ್ನಡದ ಒಂದು 'ಕ'ಗೆ ಮೂರು ಬೈಟು ಬೇಕು. ಕತ್ತರಿ ಸರಿಯಾಗಿ ಆ ಮೂರರ ಮಧ್ಯೆ ಬಿದ್ದರೆ ಅಕ್ಷರ ಹಾಳಾಗದೆ ಇರುತ್ತಾ? ಹಳೇ ಸಾಫ್ಟ್‌ವೇರ್‌ಗೆ ವಾಪಸ್ ಹೋಗಿ, ಟಿಪ್ಪಣಿಗಳ ಪ್ರತಿ ವಾಕ್ಯಕ್ಕೂ ಎಂಟರ್ ಒತ್ತಿ ಸಾಲುಗಳನ್ನು ಚಿಕ್ಕದು ಮಾಡಿದೆ. ಬೇಜಾರಿನ ಕೆಲಸವೇ, ಆದರೆ ಅಜ್ಜಿ ಹೇಳಿದ ಮಾತುಗಳೆಲ್ಲ ಇದ್ದದ್ದು ಆ ಟಿಪ್ಪಣಿಗಳಲ್ಲೇ ಅಲ್ವಾ? ಮತ್ತೆ ತೆಗೆದಾಗ ಎಲ್ಲವೂ ಸರಿಯಾಗಿ ಬಂತು. 2021ರಲ್ಲಿ ಬಂದ ಗೆಡ್‌ಕಾಮ್ 7.0ನಲ್ಲಿ ಈ ತುಂಡು ಮಾಡುವ ಪದ್ಧತಿಯನ್ನೇ ತೆಗೆದಿದ್ದಾರೆ. ಎರಡೂ ಕಡೆ 7.0 ಇದ್ದರೆ ಅದನ್ನೇ ಬಳಸಿ.

ಫೋಟೋಗಳು ಮಾಮೂಲಿ ಗೆಡ್‌ಕಾಮ್ ಫೈಲಿನೊಳಗೆ ಬರುವುದಿಲ್ಲ. ಫೋಟೋ ಯಾವ ಫೋಲ್ಡರ್‌ನಲ್ಲಿದೆ ಅನ್ನುವ ವಿಳಾಸ ಮಾತ್ರ ಬರುತ್ತದೆ. ಹೊಸ ಕಂಪ್ಯೂಟರ್‌ನಲ್ಲಿ ಆ ವಿಳಾಸವೇ ಇರದಿದ್ದರೆ ಚಿತ್ರ ಕಾಣುವುದಿಲ್ಲ. ನಾನು ಮೊದಲೇ ಎಲ್ಲ ಫೋಟೋಗಳನ್ನು ಒಂದೇ ಫೋಲ್ಡರ್‌ಗೆ ಹಾಕಿದ್ದೆ. ಆಮೇಲೆ ಫೈಲಿನಲ್ಲಿ ಹಳೇ ವಿಳಾಸ ಹುಡುಕಿ ಒಂದೇ ಸಲಕ್ಕೆ ಹೊಸದಕ್ಕೆ ಬದಲಾಯಿಸಿದೆ.

ಹಳೇ ಸಾಫ್ಟ್‌ವೇರ್ ತನಗೆ ಮಾತ್ರ ಅರ್ಥವಾಗುವ ಕೆಲವು ಸಾಲುಗಳನ್ನೂ ಬರೆದಿತ್ತು. ಅಂಥವನ್ನು ಗ್ರಾಂಪ್ಸ್ ಬಿಸಾಡದೆ ಟಿಪ್ಪಣಿಯಾಗಿ ಇಟ್ಟುಕೊಂಡಿತು, ಪುಣ್ಯ.

ಸುಮ್ನೆ ತಲೆ ಎಣಿಸಿ ಸರಿಹೋಯಿತು ಅಂತ ಬಿಡಬೇಡಿ. ಗೋಜಲಾದವರನ್ನೇ ತೆಗೆದು ನೋಡಿ: ಎರಡು ಮದುವೆಯಾದವರು, ದತ್ತು ಹೋದವರು, ಹುಟ್ಟಿದ ವರ್ಷ 'ಸುಮಾರು' ಅಂತ ಮಾತ್ರ ಗೊತ್ತಿರುವವರು. ತಪ್ಪು ಸಿಗುವುದು ಇಲ್ಲೇ ಜಾಸ್ತಿ.

ಈಗ ಗ್ರಾಂಪ್ಸ್‌ನಿಂದ ಎರಡು ಬಗೆಯ ಪ್ರತಿ ತೆಗೆಯುತ್ತೇನೆ. ಫೋಟೋಗಳನ್ನೂ ಸೇರಿಸಿ ಕಟ್ಟುವ ಅದರದೇ ಪ್ಯಾಕೇಜು ಒಂದು. ಬೇರೆ ಸಾಫ್ಟ್‌ವೇರ್‌ಗೂ ಆಗಲಿ ಅಂತ ಗೆಡ್‌ಕಾಮ್ ಇನ್ನೊಂದು. ಎರಡನ್ನೂ ಬೇರೆ ಮನೆಯಲ್ಲಿರುವ ಡ್ರೈವ್‌ಗೂ ಹಾಕುತ್ತೇನೆ. ನೆಂಟರಿಗೆ ಕೊಡುವ ಪ್ರತಿಯಲ್ಲಿ ಮಾತ್ರ ಬದುಕಿರುವವರ ವಿವರ ಬಿಟ್ಟು ಎಕ್ಸ್‌ಪೋರ್ಟ್ ಮಾಡುತ್ತೇನೆ. ಅದಕ್ಕೆ ಅಲ್ಲೇ ಆಯ್ಕೆ ಇದೆ.