ಅಂಗಳದ ಗುರಿಗೆ ಏರ್ ರೈಫಲ್: ನಾನು ಆರಿಸಿಕೊಂಡ ಬಗೆ

ಏರ್ ರೈಫಲ್ ತಗೊಳ್ತೇನೆ ಅಂದ ಕೂಡಲೇ ಎಲ್ಲರೂ ಕೇಳಿದ್ದು ಒಂದೇ, ಸ್ಪೀಡ್ ಎಷ್ಟು? ನನಗೆ ಬೇಕಾಗಿದ್ದು ಅದಲ್ಲ. ಉಡುಪಿ ಹತ್ತಿರದ ಹಿರಿಯಡಕದ ನಮ್ಮ ಮನೆಯ ಅಂಗಳದಲ್ಲಿ ಹತ್ತು ಮೀಟರ್ ದೂರಕ್ಕೆ ಐದು ಪೆಲೆಟ್, ಅಂದರೆ ಸಣ್ಣ ಸೀಸದ ಗುಂಡು, ಹೊಡೆದರೆ ಐದೂ ಒಂದೇ ತೂತಿನ ಸುತ್ತ ಬೀಳಬೇಕು. ಅಂಗಡಿಯಲ್ಲಿ ನಿಂತು ನೋಡಿದ ಪ್ರತಿಯೊಂದು ಗನ್ನನ್ನೂ ಈ ಒಂದೇ ಲೆಕ್ಕದಲ್ಲಿ ತೂಗಿದೆ.

ಮೊದಲು ಕಾನೂನು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರ್ (ನಳಿಕೆಯ ಒಳ ಅಗಲ) 4.5 ಮಿ.ಮೀ. ಮೀರದ, ಅಂದರೆ ಇಂಚಿನ ಲೆಕ್ಕದಲ್ಲಿ ಪಾಯಿಂಟ್ 177 ಅನ್ನುತ್ತಾರಲ್ಲ ಅದು, ಮತ್ತು ಶಕ್ತಿ 20 ಜೂಲ್ ದಾಟದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ಹದಿನೆಂಟು ದಾಟಿರಬೇಕು, ಗುರುತಿನ ಚೀಟಿ ಕೊಡಬೇಕು. ಪಾಯಿಂಟ್ 22 ಬೇಕು ಅಂದರೆ ಅದು ಲೈಸೆನ್ಸ್ ವ್ಯವಹಾರ, ಹಾಗಾಗಿ ಆ ಕಡೆ ನಾನು ಹೋಗಲೇ ಇಲ್ಲ.

ಇನ್ನು ಬೇಟೆ. ಗನ್ ಮನೆಗೆ ಬಂದ ಸುದ್ದಿ ತಿಳಿದು ಪಕ್ಕದ ತೋಟದವರು ಕೇಳಿದರು, "ಭಾವ, ಇದರಲ್ಲಿ ಮಂಗ ಬೀಳ್ತದಾ?" ಅವರ ಕಷ್ಟ ನನಗೆ ಗೊತ್ತು. ಬೊಂಡ (ಎಳನೀರು) ಒಂದೂ ಉಳಿಯುವುದಿಲ್ಲ, ಬಾಳೆಗೊನೆ ಹಣ್ಣಾಗುವ ಮೊದಲೇ ಹೋಗುತ್ತದೆ. ಆದರೂ ನಾನು ಹೇಳಿದ್ದು, "ಆ ಮಾತೇ ಬೇಡ ಭಾವ." 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮಂಗ, ಮೊಲ, ಕಾಡುಕೋಳಿ, ನವಿಲು ಎಲ್ಲವೂ ಬರುತ್ತವೆ. ಕೊಂದರೆ ಮಾತ್ರ ಬೇಟೆ ಅಂತ ಅಲ್ಲ, ಗಾಯ ಮಾಡಿದರೂ, ಹೊಡೆಯಲು ಪ್ರಯತ್ನಿಸಿದರೂ ಅದು ಬೇಟೆಯೇ. ನವಿಲು ಆ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ, ಅದಕ್ಕೆ ಕನಿಷ್ಠ 3 ವರ್ಷ ಜೈಲು, 7 ವರ್ಷದವರೆಗೂ ಹೋಗಬಹುದು. ಕಾನೂನು ಪಕ್ಕಕ್ಕಿಟ್ಟರೂ ಅರ್ಧ ಗ್ರಾಂ ಸೀಸದಿಂದ ಮಂಗ ಸಾಯುವುದಿಲ್ಲ. ಗಾಯ ಕೊಳೆತು ದಿನಗಟ್ಟಲೆ ನರಳುತ್ತದೆ. ಇದನ್ನು ನೆನೆಸಿಕೊಂಡರೇ ನನಗೆ ಸಂಕಟ ಆಗುತ್ತದೆ.

ಇಂಗ್ಲೆಂಡ್‌ನಲ್ಲಿ ಏರ್ ರೈಫಲ್ ಹಿಡಿದು ಮೊಲ, ಪಾರಿವಾಳ ಹೊಡೆಯುವುದು ಕಾನೂನಿನ ಮಿತಿಯೊಳಗೆ ನಡೆಯುತ್ತದೆ. ಅಲ್ಲಿ ಲೈಸೆನ್ಸ್ ಇಲ್ಲದ ರೈಫಲ್‌ಗೆ ಮಿತಿ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್, ನಮ್ಮ ಮಿತಿಗಿಂತಲೂ ಕಡಿಮೆ! ಅಷ್ಟರಲ್ಲೇ ಅವರಿಗೆ ಸಾಕಾಗುತ್ತದೆ, ಯಾಕೆಂದರೆ ಹತ್ತಿರದಿಂದ ತಲೆಗೇ ಹೊಡೆಯಬೇಕು ಅನ್ನುವುದು ಅಲ್ಲಿನ ಶಿಸ್ತು, ಅದಕ್ಕೆ ಬೇಕಾದ್ದು ಕರಾರುವಾಕ್ಕು ಗುರಿ. ಬೇಟೆಯವರಿಗೂ ಕಾಗದಕ್ಕೆ ಹೊಡೆಯುವ ನಮಗೂ ಬೇಕಾದ್ದು ಅದೊಂದೇ.

ಸ್ಪೀಡ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಡಬ್ಬದ ಮೇಲೆ ಸೆಕೆಂಡಿಗೆ 1000 ಅಡಿ ಅಂತ ದೊಡ್ಡ ಅಕ್ಷರದಲ್ಲಿ ಇರುತ್ತದೆ. ಅದು 305 ಮೀಟರ್. ಸಾಮಾನ್ಯ ಸೀಸದ ಪೆಲೆಟ್ ಸುಮಾರು 0.52 ಗ್ರಾಂ ಇರುತ್ತದೆ, ಅದು ನಿಜವಾಗಿ ಆ ವೇಗದಲ್ಲಿ ಹೋದರೆ ಶಕ್ತಿ 24 ಜೂಲ್ ಆಗುತ್ತದೆ, 20ರ ಮಿತಿ ದಾಟಿತಲ್ಲ! ಅಂದರೆ ಲೈಸೆನ್ಸ್ ಬೇಡದ ಗನ್ನಿನ ಮೇಲೆ ಆ ಅಂಕಿ ಕಂಡರೆ ಅದು ತೀರಾ ಹಗುರ ಪೆಲೆಟ್ ಹಾಕಿ ತೆಗೆದದ್ದು ಅಂತ ತಿಳಿಯಬೇಕು. ಮೇಲಾಗಿ ಶಬ್ದದ ವೇಗಕ್ಕೆ ಹತ್ತಿರ ಹೋದಷ್ಟೂ ಪೆಲೆಟ್ ಗಾಳಿಯಲ್ಲಿ ಅಲ್ಲಾಡುತ್ತದೆ. ಒಲಿಂಪಿಕ್ಸ್‌ನ 10 ಮೀಟರ್ ರೈಫಲ್‌ಗಳು ಸೆಕೆಂಡಿಗೆ 170 ಮೀಟರ್ ಆಸುಪಾಸಿನಲ್ಲೇ ಹೊಡೆಯುತ್ತವೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿ.ಮೀ.

ಮುಂದಿನ ಪ್ರಶ್ನೆ ಸ್ಪ್ರಿಂಗ್ ಗನ್ನೋ, ಪಿಸಿಪಿಯೋ. ಸ್ಪ್ರಿಂಗ್ ಗನ್ನಿನಲ್ಲಿ ಒಳಗಿನ ಸ್ಪ್ರಿಂಗ್ ಪಿಸ್ಟನ್ ತಳ್ಳಿ ಗಾಳಿ ಒತ್ತುತ್ತದೆ. ಪಿಸಿಪಿ ಅಂದರೆ ಸಿಲಿಂಡರ್‌ನಲ್ಲಿ ಮೊದಲೇ ಒತ್ತಡದ ಗಾಳಿ ತುಂಬಿಟ್ಟ ರೈಫಲ್. ಹೊಡೆದಾಗ ಕುಲುಕುವುದೇ ಇಲ್ಲ ಅನ್ನಬಹುದು, ಗುರಿ ಕಲಿಯಲು ಸುಖ. ಆದರೆ 200 ಬಾರ್ ಒತ್ತಡಕ್ಕೆ ಕೈಪಂಪಿನಲ್ಲಿ ತುಂಬುವಾಗ ನಮ್ಮ ಕರಾವಳಿಯ ಗಾಳಿಯಲ್ಲಿರುವ ನೀರೂ ಒಳಗೆ ಸೇರುತ್ತದೆ, ತೇವ ಹೀರುವ ಫಿಲ್ಟರ್ ಇಲ್ಲದಿದ್ದರೆ ಸಿಲಿಂಡರ್ ಒಳಗೇ ತುಕ್ಕು. ಮಳೆಗಾಲದಲ್ಲಿ ಅಷ್ಟೆಲ್ಲ ನಿಗಾ ಇಡುವುದು ನನ್ನಿಂದ ಆಗದು ಅನ್ನಿಸಿತು. ಖರ್ಚೂ ಜಾಸ್ತಿ. ಹಾಗಾಗಿ ಬ್ಯಾರಲ್ ಬಗ್ಗಿಸಿ ಲೋಡ್ ಮಾಡುವ ಸ್ಪ್ರಿಂಗ್ ಗನ್ನನ್ನೇ ತಗೊಂಡೆ, ನಮ್ಮ ದೇಶದಲ್ಲೇ ತಯಾರಾಗುವ ಪ್ರೆಸಿಹೋಲ್‌ನದ್ದು. ಮಕ್ಕಳನ್ನು ಸ್ಪರ್ಧೆಗೆ ತಯಾರು ಮಾಡುವವರು ಮಾತ್ರ ಮೊದಲು ಕ್ಲಬ್ಬಿನ ರೈಫಲ್‌ನಲ್ಲೇ ಕಲಿಸಲಿ, ಅದಕ್ಕೆ ಪಿಸಿಪಿಯೇ ಬೇಕು.

ಸ್ಪ್ರಿಂಗ್ ಗನ್ನಿಗೆ ಒಂದು ಗುಣ ಇದೆ. ಪೆಲೆಟ್ ಬ್ಯಾರಲ್‌ನಿಂದ ಹೊರಗೆ ಹೋಗುವ ಮೊದಲೇ ಒಳಗಿನ ಪಿಸ್ಟನ್ ಓಡಿ ಗನ್ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತದೆ. ಬಿಗಿಯಾಗಿ ಹಿಡಿದರೆ ಪ್ರತಿ ಸಲ ಜಿಗಿತ ಬೇರೆ, ಬೀಳುವ ಜಾಗವೂ ಬೇರೆ. ಅಂಗೈ ಮೇಲೆ ಸಡಿಲವಾಗಿ ಮಲಗಿಸಿ, ಭುಜಕ್ಕೆ ಮೆಲ್ಲ ತಾಗಿಸಿ ಹೊಡೆಯಬೇಕು, ಕಲ್ಲು ಮರಕ್ಕೆ ನೇರ ಆನಿಸಬಾರದು. ಅಂಗಡಿಯಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಟ್ರಿಗರ್. ಎಳೆಯುವಾಗ ಎಲ್ಲಿ ತಡೆ ಸಿಗುತ್ತದೆ, ಎಲ್ಲಿ ಬಿಡುತ್ತದೆ ಅನ್ನುವುದು ಪ್ರತಿ ಸಲವೂ ಒಂದೇ ತರ ಇರಬೇಕು. ಸ್ಕೋಪ್ ಹಾಕುವುದಾದರೆ ಏರ್‌ಗನ್ನಿಗೇ ಮಾಡಿದ್ದು ತಗೊಳ್ಳಿ, ಈ ಎರಡು ದಿಕ್ಕಿನ ಏಟಿಗೆ ಸಾಮಾನ್ಯ ಸ್ಕೋಪ್ ಒಡೆಯುತ್ತದೆ, ಮತ್ತೆ ಅದು ಹತ್ತು ಮೀಟರಿಗೆ ಫೋಕಸ್ ಆಗುವಂತಿರಲಿ.

ಪೆಲೆಟ್‌ನಲ್ಲಿ ಜಿಪುಣತನ ಬೇಡ. ಕಾಗದಕ್ಕೆ ಚಪ್ಪಟೆ ಮೂತಿಯದ್ದು, ಅದು ದುಂಡಗೆ ಸ್ವಚ್ಛ ತೂತು ಕೊರೆಯುತ್ತದೆ. ದೂರಕ್ಕೆ ಗುಮ್ಮಟದ ಮೂತಿಯದ್ದು ವಾಸಿ. ಒಂದೊಂದು ಬ್ಯಾರಲ್‌ಗೆ ಒಂದೊಂದು ಕಂಪನಿಯದ್ದು ಒಗ್ಗುತ್ತದೆ, ಹಾಗಾಗಿ ಬೇರೆ ಬೇರೆ ಸಣ್ಣ ಡಬ್ಬ ತಂದು ಐದೈದು ಹೊಡೆದು ಅಳೆದು ನೋಡಿದೆ. ಸ್ಟೀಲ್ ಗುಂಡು ಮಾತ್ರ ಬೇಡವೇ ಬೇಡ. ಬ್ಯಾರಲ್ ಹಾಳು, ಗಟ್ಟಿ ಜಾಗಕ್ಕೆ ತಾಗಿದರೆ ವಾಪಸ್ ಮುಖಕ್ಕೇ ಬರುತ್ತದೆ. ಸೀಸವೂ ಹಾರಬಹುದು, ಅದಕ್ಕೆ ನಮ್ಮ ಕೆಂಪು ಕಲ್ಲಿನ ಗೋಡೆಗೆ ನೇರ ಹೊಡೆಯುವುದಿಲ್ಲ. ದಪ್ಪ ಹಲಗೆಯ ಪೆಟ್ಟಿಗೆಗೆ ಹಳೆ ಬಟ್ಟೆ ಒತ್ತಿ ತುಂಬಿ ಗೋಡೆಯ ಮುಂದೆ ಇಟ್ಟಿದ್ದೇನೆ. ಕಣ್ಣಿಗೆ ಕನ್ನಡಕ, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು ಮನೆಯ ಎಲ್ಲರಿಗೂ ಕಡ್ಡಾಯ.

ಉಪ್ಪು ಗಾಳಿಗೆ ಕಬ್ಬಿಣ ಬೇಗ ಸೋಲುತ್ತದೆ. ಬ್ಯಾರಲ್ ಮೇಲೆ ಬೆರಳಚ್ಚು ಬಿಟ್ಟರೆ ಅಲ್ಲೇ ತುಕ್ಕು ಏಳುತ್ತದೆ, ಹಾಗಾಗಿ ಪ್ರತಿ ಸಲ ಎಣ್ಣೆ ಸವರಿದ ಬಟ್ಟೆಯಿಂದ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇನೆ. ಸ್ಪಂಜಿನ ಚೀಲದಲ್ಲಿ ಇಡಬೇಡಿ, ಅದು ತೇವ ಹಿಡಿಯುತ್ತದೆ. ಎಣ್ಣೆ ಹೊರಗೆ ಮಾತ್ರ. ಪಿಸ್ಟನ್ ಇರುವ ಕಡೆ ಎಣ್ಣೆ ಹಾಕಿದರೆ ಒತ್ತಡದ ಬಿಸಿಗೆ ಹೊತ್ತಿಕೊಂಡು ಒಳಗಿನ ಸೀಲ್ ಹೋಗುತ್ತದೆ. ಮಳೆ ನಿಂತ ಮೇಲೆ ಮರದ ಸ್ಟಾಕಿನ ಸ್ಕ್ರೂಗಳನ್ನೂ ಒಮ್ಮೆ ಬಿಗಿ ಮಾಡಿ ನೋಡಿ, ಗುರಿ ಸುಮ್ನೆ ತಪ್ಪುತ್ತಿದೆ ಅನ್ನಿಸಿದರೆ ಹೆಚ್ಚಾಗಿ ಕಾರಣ ಅಲ್ಲೇ ಸಿಗುತ್ತದೆ.