‘ನಮ್ಮಂಥವರಿಗೆ ಇಷ್ಟೇ ಸಾಕು’ ಎನ್ನುವ ಮುನ್ನ ಲೆಕ್ಕ ಬರೆಯಿರಿ

ಧಾರವಾಡದ ನಮ್ಮ ಮನೆಯಲ್ಲಿ ಶೇಂಗಾ ಚಟ್ನಿ ಕುಟ್ಟಿ ಮಾರಲು ಶುರು ಮಾಡಿ ಒಂಬತ್ತು ವರ್ಷವಾಯಿತು. ಮೊದಲ ಆರು ವರ್ಷ ವ್ಯಾಪಾರ ಇದ್ದಲ್ಲೇ ಇತ್ತು. ‘ರೇಟು ಏರಿಸಿದರೆ ಗಿರಾಕಿ ಹೋಗುತ್ತಾರೆ’, ‘ದೊಡ್ಡದು ಮಾಡಿದರೆ ಜಿಎಸ್‌ಟಿ ಕಾಟ’, ‘ನನ್ನ ಕೈರುಚಿ ಇನ್ನೊಬ್ಬರಿಗೆ ಬರದು’ ಎನ್ನುತ್ತಲೇ ದಿನ ದೂಡಿದೆ. ಸಣ್ಣ ವ್ಯಾಪಾರದವರ ಬಾಯಲ್ಲಿ ಇವು ಗಾದೆಯಂತೆ ಓಡಾಡುತ್ತವೆ. ಹಾಗಾಗಿ ನಿಜವೋ ಸುಳ್ಳೋ ಎಂದು ಯಾರೂ ಕೂಡಿಸಿ ಕಳೆದು ನೋಡಿರುವುದಿಲ್ಲ.

ಮಾತನ್ನು ಬರೆದಿಡಿ

ಒಂದು ವಾರ ಗಲ್ಲಾದ ಪಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ‘ಅದು ನಮ್ಮಿಂದಾಗದು’ ಎಂದು ಅಂದುಕೊಂಡಾಗಲೆಲ್ಲ ಯಾವ ಕೆಲಸಕ್ಕೆ ಹಾಗೆ ಅಂದಿರಿ ಎಂದು ಒಂದು ಸಾಲು ಬರೆಯಿರಿ. ಹೆಚ್ಚು ಸಲ ಬಂದ ಮಾತನ್ನೇ ಮೊದಲು ಹಿಡಿಯಿರಿ.

ನಿಮ್ಮ ಕೂಲಿಯನ್ನೂ ಹಿಡಿದು ಲೆಕ್ಕ ಹಾಕಿ

ನನ್ನ ಪುಸ್ತಕದಲ್ಲಿ ಹೆಚ್ಚು ಸಲ ಇದ್ದದ್ದು ರೇಟಿನ ಮಾತು. ಆಗ ಒಂದು ಕಿಲೋ ಚಟ್ನಿಗೆ ಶೇಂಗಾ 150 ರೂಪಾಯಿ, ಖಾರಪುಡಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿ 40, ಗ್ಯಾಸ್ 15, ಪ್ಯಾಕೆಟ್ಟು, ಚೀಟಿ 20. ಒಟ್ಟು 225. ಮಾರುತ್ತಿದ್ದದ್ದು 260ಕ್ಕೆ. ಹುರಿದು, ಸಿಪ್ಪೆ ಹಾರಿಸಿ, ಕುಟ್ಟಿ, ತುಂಬುವಷ್ಟರಲ್ಲಿ ನಾಲ್ಕು ಕಿಲೋಗೆ ನಾಲ್ಕು ತಾಸು. ಕೈಗೆ ಉಳಿಯುತ್ತಿದ್ದದ್ದು 140 ರೂಪಾಯಿ, ಅಂದರೆ ತಾಸಿಗೆ 35. ಕಳೆ ತೆಗೆಯಲು ಹೋಗಿದ್ದರೂ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು. ಆ ಸಂಜೆ ಆ ಹಾಳೆ ನೋಡುತ್ತಾ ಬಹಳ ಹೊತ್ತು ಕೂತಿದ್ದೆ.

ಆಮೇಲೆ ಇನ್ನೊಂದು ಲೆಕ್ಕ ಹಾಕಿದೆ. ಕಾಲು ಕಿಲೋ ಪ್ಯಾಕೆಟ್ಟನ್ನು 65ರಿಂದ 85ಕ್ಕೆ ಏರಿಸಿದರೆ ಕಿಲೋಗೆ ಉಳಿಯುವುದು 35 ಅಲ್ಲ, 115. ನೂರು ಕಿಲೋ ಮಾರಿ ಗಳಿಸುತ್ತಿದ್ದ 3,500 ರೂಪಾಯಿ ಮೂವತ್ತೊಂದು ಕಿಲೋ ಮಾರಿದರೂ ಬರುತ್ತದೆ. ಅಂದರೆ ಮೂವರಲ್ಲಿ ಇಬ್ಬರು ಗಿರಾಕಿ ಬಿಟ್ಟುಹೋದರೂ ನನ್ನ ಗಳಿಕೆಗೆ ಹೆಚ್ಚೇನೂ ಪೆಟ್ಟು ಬೀಳದು!

ಎಲ್ಲರಿಗೂ ಒಮ್ಮೆಲೇ ಏರಿಸಬೇಡಿ. ಮೊದಲ ತಿಂಗಳು ಹೊಸಬರಿಗೆ ಮಾತ್ರ ಹೊಸ ರೇಟು ಹೇಳಿ, ಎಷ್ಟು ಜನ ಕೇಳಿ ವಾಪಸು ಹೋದರು ಎಂದು ಗೆರೆ ಎಳೆಯಿರಿ. ಹಳಬರಿಗೆ ಒಂದು ತಿಂಗಳು ಮೊದಲೇ ತಿಳಿಸಿ. ‘ಅಕ್ಕಾರ, ಭಾಳ ಏರಿಸಿದ್ರಿ’ ಎಂದು ಒಬ್ಬರು ಅಂದರು. ‘ಹೌದ್ರೀ, ಶೇಂಗಾ ರೇಟು ನಿಮಗೂ ಗೊತ್ತಲ್ಲರೀ’ ಅಂದೆ. ಅವರು ಎರಡು ಪ್ಯಾಕೆಟ್ಟು ಒಯ್ದರು. ಕ್ಷಮೆ ಕೇಳುವ ದನಿಯಲ್ಲಿ ಮಾತ್ರ ಬೆಲೆ ಹೇಳಬೇಡಿ, ಅದು ಚೌಕಾಸಿಗೆ ಕರೆದಂತೆ.

ಹೆದರಿಸುವ ಅಂಕಿಯನ್ನು ದಿನಕ್ಕೆ ಭಾಗಿಸಿ

2025ರ ಜುಲೈನಲ್ಲಿ ಯುಪಿಐ ವ್ಯವಹಾರ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸು ಬಂದಾಗ ಎಷ್ಟೋ ಅಂಗಡಿಗಳ ಕ್ಯೂಆರ್ ಕೋಡ್ ಮಾಯವಾಯಿತು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದಾಗ, ಸೇವೆ ಕೊಡುವವರಿಗೆ 20 ಲಕ್ಷ. 40 ಲಕ್ಷವೆಂದರೆ ಒಂದು ದಿನವೂ ಬಿಡದೆ ದಿನಕ್ಕೆ ಸುಮಾರು 11,000 ರೂಪಾಯಿ ವ್ಯಾಪಾರ. ನೀವು ಎಲ್ಲಿದ್ದೀರಿ ನೋಡಿಕೊಳ್ಳಿ. ದಾಟಿದರೂ, ಸಣ್ಣ ತಯಾರಕರು ಮತ್ತು ವ್ಯಾಪಾರಿಗಳಿಗೆ ಒಂದೂವರೆ ಕೋಟಿವರೆಗೆ ಶೇ 1ರಷ್ಟು ತೆರಿಗೆ ಕಟ್ಟುವ ರಾಜಿ ತೆರಿಗೆ ಪದ್ಧತಿ ಇದೆ. ಬೇರೆ ರಾಜ್ಯಕ್ಕೆ ಸರಕು ಮಾರುವವರಿಗೆ ಮಾತ್ರ ನಿಯಮ ಬೇರೆ. ಅವರು ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಲೇಬೇಕು.

ಕೈರುಚಿಯನ್ನು ತಕ್ಕಡಿಗೆ ಹಾಕಿ

‘ಒಂದು ಹಿಡಿ ಬೆಳ್ಳುಳ್ಳಿ ಹಾಕು’ ಎಂದು ತಂಗಿಯ ಮಗಳಿಗೆ ಹೇಳಿ, ರುಚಿ ಕೆಟ್ಟಾಗ ಅವಳನ್ನೇ ಬೈಯುತ್ತಿದ್ದೆ. ಒಂದು ದಿನ ಇಬ್ಬರ ಹಿಡಿಯನ್ನೂ ತೂಗಿದೆವು. ನನ್ನದು 38 ಗ್ರಾಂ, ಅವಳದು 27. ತಪ್ಪು ಅವಳದಾಗಿರಲಿಲ್ಲ. ಅಂದಿನಿಂದ ಪ್ರತಿಯೊಂದನ್ನೂ ಗ್ರಾಂ ಲೆಕ್ಕದಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇವೆ. ಕುಟ್ಟುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಬರೆದಿದ್ದೇವೆ: ಒನಕೆಯ ತುದಿಯಲ್ಲಿ ಎಣ್ಣೆ ಮಿಂಚಿದ ಕೂಡಲೇ. ಲಿಜ್ಜತ್ ಹಪ್ಪಳದವರು ಮಾಡಿದ್ದೂ ಇದೇ ಜಾತಿಯ ಕೆಲಸ. 1959ರಲ್ಲಿ ಮುಂಬೈಯಲ್ಲಿ ಏಳು ಹೆಣ್ಣುಮಕ್ಕಳು 80 ರೂಪಾಯಿ ಸಾಲ ಪಡೆದು ಶುರು ಮಾಡಿದರು. ಹಿಟ್ಟು ಕಲಸುವುದು ಶಾಖೆಯಲ್ಲಿ, ಲಟ್ಟಿಸುವುದು ಅವರವರ ಮನೆಯಲ್ಲಿ. ಹಾಗಾಗಿ ಸಾವಿರಾರು ಕೈ ಲಟ್ಟಿಸಿದರೂ ರುಚಿ ಒಂದೇ.

ಸಾಲದ ಅಂಜಿಕೆಗೆ ಬೆಲೆ ಕೊಡಿ

ಎಲ್ಲ ಅಂಜಿಕೆಯೂ ಸುಳ್ಳಲ್ಲ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ, ನಿಜ. ಆದರೆ ಸಿಗುತ್ತದೆಂದು ತಗೊಳ್ಳಬೇಡಿ. ವರ್ಷದಲ್ಲಿ ವ್ಯಾಪಾರ ತೀರಾ ಬಿದ್ದುಹೋಗುವ ತಿಂಗಳು ಯಾವುದೋ ಅದರ ಉಳಿಕೆ ತೆಗೆಯಿರಿ. ಕಂತು ಅದರೊಳಗೆ ಕೂತರೆ ಅರ್ಜಿ ಹಾಕಿ. ನನಗೆ ಆಷಾಢವೇ ಅಂಥ ತಿಂಗಳು. ಅದರ ಲೆಕ್ಕ ನೋಡಿ ಎರಡು ವರ್ಷ ತಡೆದೆ. ಮೂರನೇ ವರ್ಷ ಕಂತು ಕಟ್ಟಿಯೂ ನಾಲ್ಕು ನೂರು ಉಳಿಯುತ್ತದೆ ಎಂದು ಖಾತ್ರಿಯಾದ ಮೇಲೆ ಶೇಂಗಾ ಹುರಿಯುವ ಯಂತ್ರ ತಂದೆ.